ತಟ್ಟೆ ಮುಟ್ಟಿದ ಕೈ

"ಗುರುಗಳೇ, ಅಣ್ಣನ ಬುದ್ಧಿ ಮಂಕಾದ ಮೇಲೆ ಅವನ ಹೊಲಮನೆಗೆಲ್ಲ ನ್ಯಾಯಾಲಯ ನನ್ನನ್ನೇ ಪಾಲಕನನ್ನಾಗಿ ನೇಮಿಸಿದೆ. ಅವನದೊಂದು ಹುಲ್ಲುಕಡ್ಡಿಯನ್ನೂ ನಾನು ತೆಗೆದುಕೊಂಡಿಲ್ಲ. ಮಾಡಿದ್ದೆಲ್ಲ ಅವನ ಒಳ್ಳೆಯದಕ್ಕೇ. ಇನ್ನೇನು ಬಾಕಿ ಉಳಿಯಿತು?" ಎಂದು ಅಡಿವೆಪ್ಪ ಕೇಳಿದ.

ಗುರುಗಳು ಶಿಷ್ಯನ ಕೈಗಳನ್ನೊಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ತಂಗಿ ತೀರಿಕೊಂಡಳು. ಅವಳ ಮಗ ಪ್ರಾಯದವನೇ. ಆದರೆ ಜ್ವರ ತಲೆಗೇರಿ ಬುದ್ಧಿ ಮಂದವಾಗಿತ್ತು. ಪಂಚರು ಅವನ ಆಸ್ತಿಯನ್ನು ಸೋದರಮಾವನಾದ ಈ ರೈತನ ವಶಕ್ಕೆ ಕೊಟ್ಟರು. ಆ ಊರಲ್ಲೊಂದು ಕಟ್ಟಳೆಯಿತ್ತು. ಯಾವ ವ್ಯವಹಾರವೇ ಆಗಲಿ, ಒಡೆಯನಾದವನು ಎಲೆ ಅಡಿಕೆಯ ತಟ್ಟೆಯನ್ನು ತನ್ನ ಕೈಯಾರೆ ಮುಟ್ಟಬೇಕು. ಮುಟ್ಟಿದರೆ ಒಪ್ಪಿಗೆ. ಅಳಿಯನಿಗೆ ಇದೆಲ್ಲ ತಿಳಿಯದೆಂದು ರೈತನೇ ಅವನ ಕೈ ಎತ್ತಿ ತಟ್ಟೆಯ ಮೇಲಿಡುತ್ತಿದ್ದ.

ರೈತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಪಂಚರೇ ನೋಡಿಕೊಳ್ಳುತ್ತಿದ್ದರು, ನಾನು ಕತೆ ಹೇಳಬೇಕಾಗಿರಲಿಲ್ಲ. ಅಳಿಯನ ಬಾವಿಯ ಹೂಳು ತೆಗೆಸಿದ, ಮನೆಗೆ ಹೊಸ ಹೆಂಚು ಹೊದಿಸಿದ. ಊರವರು ಹೊಗಳಿದರು. ಅದು ಅವನಿಗೂ ರುಚಿಸಿತು.

ಒಂದು ಸಲ ಮಾತ್ರ ಅಳಿಯ ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ ಮಾವ. ಹುಣಸೀಗಿಡದ ಹೊಲ ಮಾರಬ್ಯಾಡ. ಅವ್ವ ಅಲ್ಲೇ ಬುತ್ತಿ ಬಿಚ್ಚತಿದ್ಲು."

"ನಿನ್ನ ಒಳ್ಳೇದಕ್ಕ, ಸುಮ್ಮನಿರು" ಎಂದ ರೈತ. ಬಿಗಿದ ಮುಷ್ಟಿಯನ್ನು ಬಿಡಿಸಿ ಬೆರಳುಗಳನ್ನು ತಟ್ಟೆಗೆ ಒತ್ತಿದ. ಹೊಲಕ್ಕೆ ಒಳ್ಳೆಯ ಬೆಲೆಯೇ ಬಂತು.

ಅಂದಿನಿಂದ ಆ ಕೈ ತಾನಾಗಿ ಏಳಲಿಲ್ಲ. ಮುಖದ ಮೇಲೆ ನೊಣ ಕೂತರೂ ಏಳಲಿಲ್ಲ. ರೈತನೇ ತುತ್ತು ಮಾಡಿ ಅಳಿಯನ ಬಾಯಿಗಿಡಬೇಕಾಯಿತು. ಬರಬರುತ್ತ ಇನ್ನೊಂದು ಕಾಣಿಸಿತು. ರೈತ ಬೆವರು ಒರೆಸಿಕೊಳ್ಳಲು ಕೈ ಎತ್ತಿದರೆ ಜಗಲಿಯಲ್ಲಿ ಕೂತ ಅಳಿಯನ ಕೈಯೂ ಏಳುತ್ತಿತ್ತು. ಇಳಿಸಿದರೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಳಿಯನ ಕೈ ಮೊದಲು ಎದ್ದಿತು. ಅದರ ಹಿಂದೆ ರೈತನದು. ಹೇಳಿಕೊಂಡರೆ ತನಗೂ ಬುದ್ಧಿ ಮಂಕಾಗಿದೆ ಎಂದಾರೆಂದು ಹೆದರಿ ರೈತ ಸುಮ್ಮನಾದ.

ರೈತನಿಗೆ ಒಬ್ಬಳೇ ಮಗಳು. ಅವಳಿಗೆ ಸಂಬಂಧ ಕೂಡಿಬಂತು. ನಿಶ್ಚಯದ ದಿನ ಬೀಗರು ಅಂಗಳದಲ್ಲಿ ಬಂದು ಕೂತರು. ವರ ಕುಡುಕ, ಹೊಡೆಯುವವನು ಎಂಬುದು ರೈತನಿಗೆ ಆಗಷ್ಟೇ ತಿಳಿದಿತ್ತು. ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ತಟ್ಟೆ ಮುಂದೆ ಬಂತು. ಬೇಡ ಎನ್ನಬೇಕೆಂದು ರೈತ ಒದ್ದಾಡಿದ. ನಾಲಿಗೆ ಹೊರಳಲಿಲ್ಲ. ತಟ್ಟೆಯನ್ನು ದೂರ ತಳ್ಳಲು ನೋಡಿದ. ಕೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

ಆಗ ಅಳಿಯ ಜಗಲಿಯಿಂದ ಎದ್ದು ಬಂದ. ಪಕ್ಕದಲ್ಲಿ ಕೂತು, ಮಾವನ ಕೈಯನ್ನು ಮೆಲ್ಲಗೆ ಎತ್ತಿ, ಬೆರಳು ಬಿಡಿಸಿ ತಟ್ಟೆಯ ಮೇಲಿಟ್ಟ.

"ನಿನ್ನ ಒಳ್ಳೇದಕ್ಕ, ಮಾವ. ಸುಮ್ಮನಿರು."

ಬೀಗರು ಒಪ್ಪಿಗೆಯಾಯಿತೆಂದು ಸಂತೋಷಪಟ್ಟರು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. "ಆಮೇಲೆ?" ಎಂದ ಅಡಿವೆಪ್ಪ.

"ನಿನ್ನ ಅಣ್ಣ ಕೊನೆಯ ಸಲ ಬೇಡ ಎಂದದ್ದು ಯಾವತ್ತು?" ಎಂದು ಕೇಳಿದರು ಗುರುಗಳು.