ಬಾಡಿಗೆಗೆ ಬಂದ ಚಂಪಮ್ಮ

ಹಿರೇಪಟ್ಟಣದ ರಾಜ ಮಲ್ಲರಸನಿಗೆ ತನ್ನ ಊರಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವುತ್ತ, "ನನ್ನ ಪಟ್ಟಣದಲ್ಲಿ ಗುಬ್ಬಿಗೂ ಒಂದು ಗೂಡು ಉಂಟು" ಎಂದ.

ಸಭೆಯವರೆಲ್ಲ ತಲೆಯಾಡಿಸಿದರು. ಆಡಿಸದೆ ಕೂತವನು ವಿದೂಷಕ ಮಾಯಣ್ಣ ಒಬ್ಬನೇ. ಆಡಿಸುವುದಾದರೂ ಹೇಗೆ? ಆಸ್ಥಾನಕ್ಕೆ ಸೇರಿ ಆರು ವರ್ಷವಾದರೂ ಬಾಡಿಗೆ ಮನೆ ಸಿಗದೆ ಅವನು ಇನ್ನೂ ಛತ್ರದ ಜಗಲಿಯಲ್ಲೇ ಮಲಗುತ್ತಿದ್ದ. ರಾಜನ ಮುಂದೆ ಹೇಳಿಕೊಳ್ಳಲು ನಾಚಿಕೆ, ಅಷ್ಟೆ.

ಅದೇ ಹೊತ್ತಿಗೆ ಸೂಲಗಿತ್ತಿ ಸಾತವ್ವ ಗಂಟುಮೂಟೆ ಸಮೇತ ಒಳಗೆ ಬಂದಳು. ರಾಣಿಗೆ ಒಂಬತ್ತು ತಿಂಗಳು ತುಂಬಿತ್ತು. ಸಾತವ್ವನ ಕೈಗುಣ ದೊಡ್ಡದೆಂದು ದೂರದ ಊರಿನಿಂದ ಅವಳನ್ನೇ ಕರೆಸಿದ್ದರು.

"ನಾನು ಊರಿಗೆ ಹೊರಟೆ ಬುದ್ಧಿ. ನಾಲ್ಕು ಮಕ್ಕಳನ್ನ ಕಟ್ಟಿಕೊಂಡು ಎಂಟು ದಿನ ಬೀದಿ ಬೀದಿ ಅಲೆದೆ. ಮಕ್ಕಳನ್ನ ಕಂಡ ಕೂಡಲೆ ಬಾಗಿಲು ಹಾಕ್ಕೊತಾರೆ" ಎಂದಳು.

ಅರಮನೆಯಲ್ಲೇ ಇರಬಹುದಲ್ಲ ಎಂದು ರಾಜ ಕೇಳಿದ. ಅಲ್ಲಿದ್ದ ಎರಡೇ ದಿನದಲ್ಲಿ ಆ ಮಕ್ಕಳು ಸಿಂಹಾಸನದಿಂದ ಜಿಗಿಯುವ ಆಟ ಕಲಿತಿದ್ದರೆಂದು ಮಂತ್ರಿ ಅವನ ಕಿವಿಯಲ್ಲಿ ಹೇಳಿದ. ರಾಜನ ಮೋರೆ ಸಪ್ಪಗಾಯಿತು. ಸಾತವ್ವ ಹೋದರೆ ರಾಣಿಯ ಗತಿ ಏನು? ಅವನಿಗೆ ಗಾಬರಿಯೂ ಆಯಿತು, ತಲೆಯಾಡಿಸದ ಮಾಯಣ್ಣನ ಮೇಲೆ ಸಿಟ್ಟೂ ಬಂತು.

"ಮಾಯಣ್ಣ, ನಾಳೆ ಸಂಜೆಯೊಳಗೆ ಇವಳಿಗೆ ಮನೆ ಕೊಡಿಸು. ಬಾಡಿಗೆ ಎರಡು ವರಹ, ಅದಕ್ಕಿಂತ ಹೆಚ್ಚು ಅವಳ ಕೈಲಾಗದು. ರಾಜ ಮನೆ ಕಿತ್ತುಕೊಟ್ಟ ಅಂತ ಯಾರೂ ಅನ್ನಬಾರದು. ಮನೆಯವನೇ ಬಾಯಿಬಿಟ್ಟು ಒಪ್ಪಬೇಕು."

ಪಟ್ಟಣದ ಅರ್ಧ ವಠಾರಗಳು ದುಗ್ಗಣ್ಣನವು. ಅವನ ಬಾಡಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕೇಳುವವರ ಮುಖದಲ್ಲಿ ಆಸೆ ಕಂಡರೆ ಅಲ್ಲೇ ಇನ್ನೊಂದು ವರಹ ಏರುತ್ತಿತ್ತು. ಹತ್ತು ಮನೆಗಳಿಗೆ ಬೀಗ ಜಡಿದಿದ್ದರೂ, ಉಳಿದಿರುವುದು ಒಂದೇ, ಅದಕ್ಕೂ ಮೂರು ಜನ ಬಂದು ಕೇಳಿ ಹೋದರು ಎಂದೇ ಹೇಳುತ್ತಿದ್ದ. ಮಾಯಣ್ಣ ನೆಟ್ಟಗೆ ಅವನ ಹತ್ತಿರವೇ ಹೋದ. ಅರಮನೆಯ ಚಂಪಮ್ಮನಿಗೆ ಒಂದು ಮನೆ ಬೇಕಿತ್ತು ಎಂದ.

"ಎಷ್ಟು ಜನ?"

"ಒಬ್ಬಳೇ. ಮದುವೆ ಇಲ್ಲ, ಮಕ್ಕಳಿಲ್ಲ."

"ನೆಂಟರು ಬಂದು ಠಿಕಾಣಿ ಹಾಕ್ತಾರೋ?"

"ಬಳಗವೆಲ್ಲ ಕಾಡಿನ ಕಡೆಯದು. ಊರಿಗೆ ಕಾಲಿಡುವವರಲ್ಲ."

"ಬೆಳ್ಳುಳ್ಳಿ, ಮೀನು?"

"ಮೂಸಿಯೂ ನೋಡೋದಿಲ್ಲ. ಬಾಳೆಹಣ್ಣು, ಬೆಲ್ಲ, ಕಬ್ಬು. ಒಲೆಯನ್ನೇ ಹಚ್ಚುವುದಿಲ್ಲ, ನಿಮ್ಮ ಗೋಡೆಗೆ ಮಸಿ ಹಿಡಿಯೋ ಮಾತೇ ಇಲ್ಲ."

"ಆಳು ಹೇಗೆ?"

"ಸ್ವಲ್ಪ ಮೈಕೈ ತುಂಬಿಕೊಂಡವಳು. ಮಾತು ಮಾತ್ರ ಆಡೋದೇ ಇಲ್ಲ."

ಇಂಥ ಬಾಡಿಗೆಯವರು ಏಳು ಜನ್ಮದ ಪುಣ್ಯಕ್ಕೂ ಸಿಗುವುದಿಲ್ಲವೆಂದು ದುಗ್ಗಣ್ಣನಿಗೆ ಅನಿಸಿತು. ಏಳು ವರಹ ಎಂದ. ಮಾಯಣ್ಣ ಚೌಕಾಸಿ ಮಾಡದೆ ಒಪ್ಪಿದ. ಎಂಟು ಅನ್ನಬೇಕಿತ್ತು ಎಂದು ದುಗ್ಗಣ್ಣನ ಹೊಟ್ಟೆ ಉರಿಯಿತು.

ಆ ಪಟ್ಟಣದಲ್ಲಿ ಒಂದು ಪದ್ಧತಿ. ಬಾಡಿಗೆಯ ಮಾತಾದ ಮೇಲೆ ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು. ಬಾಡಿಗೆಗೆ ಬಂದವರೇ ಬಿಟ್ಟು ಹೋಗಬೇಕೇ ಹೊರತು ಮನೆಯವನು ಒಲ್ಲೆ ಅನ್ನುವಂತಿಲ್ಲ. ಮಾಯಣ್ಣ ಎಲೆ ಅಡಿಕೆ ಕೊಟ್ಟ, ದುಗ್ಗಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡ. ನಾಳೆ ಬೆಳಿಗ್ಗೆ ಹಾಲುಕ್ಕಿಸಲು ಬರುತ್ತಾಳೆ ಎಂದು ಮಾಯಣ್ಣ ಹೇಳಿ ಹೋದ.

ಬೆಳಿಗ್ಗೆ ಚಂಪಮ್ಮ ಬಂದಳು. ಅರಮನೆಯ ಹಿರಿಯ ಆನೆ ಅವಳು. ಹಣೆಗೆ ಕುಂಕುಮ, ಸೊಂಡಿಲಲ್ಲಿ ಹಾಲಿನ ತಂಬಿಗೆ. ವಠಾರದ ಹೆಬ್ಬಾಗಿಲಲ್ಲಿ ತಲೆ ತೂರಿಸಿದವಳು ಅಲ್ಲೇ ನಿಂತಳು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಹೋಗಲು ಅವಳಿಗೆ ಮನಸ್ಸಿಲ್ಲ, ಯಾಕೆಂದರೆ ಅಂಗಳದಲ್ಲಿ ದುಗ್ಗಣ್ಣನ ಬಾಳೆಗಿಡಗಳಿದ್ದವು. ತಂಬಿಗೆಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟು ಅವಳು ಬಾಳೆಗೆ ಕೈಹಾಕಿದಳು, ಅಂದರೆ ಸೊಂಡಿಲು. ದುಗ್ಗಣ್ಣ ಒಳಗೇ ಸಿಕ್ಕಿಬಿದ್ದ.

"ಇದು ಆನೆ" ಎಂದು ಅವನು ಒಳಗಿನಿಂದ ಕೂಗಿದ.

"ಹೌದು" ಎಂದ ಮಾಯಣ್ಣ ಬೀದಿಯಿಂದ. "ನೀವು ಕೇಳಿದ್ದರಲ್ಲಿ ಒಂದಾದರೂ ಸುಳ್ಳು ಹೇಳಿದೆನಾ?"

"ತಪ್ಪಾಯ್ತಪ್ಪ, ಬಿಡಿಸು ಇದನ್ನ."

"ಎಲೆ ಅಡಿಕೆ ಹಿಡಿದಿದ್ದೀರಲ್ಲ. ಇನ್ನು ಅವಳೇ ಬಿಡಬೇಕು. ತನ್ನ ಬದಲಿಗೆ ಬೇರೆ ಯಾರಾದರೂ ಬಂದರೆ ಬಿಟ್ಟಾಳು."

"ಯಾರನ್ನಾದರೂ ಕರ್ಕೊಂಡು ಬಾ ಮಾರಾಯ."

"ನಾಲ್ಕು ಮಕ್ಕಳ ತಾಯಿ ಆದರೆ?"

"ಹತ್ತು ಇರಲಿ."

"ಬೆಳ್ಳುಳ್ಳಿ ತಿಂತಾಳೆ."

"ನನಗೂ ಒಂದಿಷ್ಟು ಕೊಡಲಿ."

"ಬಾಡಿಗೆ ಎರಡೇ ವರಹ."

ಹುಟ್ಟುಗುಣ ಸುಟ್ಟರೂ ಹೋಗದು. ದುಗ್ಗಣ್ಣ "ಮೂರು" ಎಂದ. ಅಷ್ಟರಲ್ಲಿ ಚಂಪಮ್ಮನಿಗೆ ಬೆನ್ನು ತುರಿಸಿತು. ಹೆಬ್ಬಾಗಿಲಿಗೆ ಮೈ ಉಜ್ಜಿದಳು, ಮೇಲಿನಿಂದ ನಾಲ್ಕು ಹೆಂಚು ಉದುರಿದವು.

"ಎರಡು" ಎಂದ ದುಗ್ಗಣ್ಣ.

ಮಾಯಣ್ಣ ಕಬ್ಬಿನ ಜಲ್ಲೆ ತೋರಿಸುತ್ತ ಚಂಪಮ್ಮನನ್ನು ಹಿಂದಕ್ಕೆ ಕರೆದ. ಅದೇ ತಂಬಿಗೆಯ ಹಾಲನ್ನು ಸಾತವ್ವ ಒಲೆ ಹೂಡಿ ಉಕ್ಕಿಸಿದಳು. ಮೂರನೆಯ ದಿನ ಅವಳ ಕೈಯಲ್ಲೇ ರಾಣಿಗೆ ಸುಖವಾಗಿ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿಯಷ್ಟೇ ಗಟ್ಟಿ ಗಂಟಲು.

ರಾಜ ಮಗುವನ್ನು ಎತ್ತಿಕೊಂಡೇ ಸಭೆಗೆ ಬಂದ. "ನೋಡಿದೆಯಾ ಮಾಯಣ್ಣ, ನನ್ನ ಪಟ್ಟಣದಲ್ಲಿ ಗುಬ್ಬಿಗೂ ಒಂದು ಗೂಡು ಉಂಟು."

ಈ ಸಲ ಮಾಯಣ್ಣ ತಲೆಯಾಡಿಸಿದ. "ಉಂಟು ಪ್ರಭು. ಆದರೆ ಒಂದೊಂದು ಗುಬ್ಬಿಯ ಮುಂದೆ ಒಂದೊಂದು ಆನೆ ಹೋಗಬೇಕು."

ರಾಜ ನಕ್ಕ ನಗುವಿಗೆ ಮಗು ಎದ್ದು ಅತ್ತಿತು. ಅದನ್ನು ಸಮಾಧಾನ ಮಾಡುತ್ತ, ಏನು ಬೇಕೋ ಕೇಳಿಕೋ ಎಂದ.

"ಇನ್ನೇನೂ ಬೇಡ ಪ್ರಭು, ಚಂಪಮ್ಮನನ್ನು ಇನ್ನೊಂದು ದಿನದ ಮಟ್ಟಿಗೆ ಕಳಿಸಿಕೊಡಿ. ಛತ್ರದ ಜಗಲಿಯ ಮೇಲೆ ಆರು ವರ್ಷದಿಂದ ಒಂದು ಗುಬ್ಬಿ ಮಲಗಿದೆ."