ಶಿಕ್ಷೆಗೆ ಹೋದವರು ಹುಗ್ಗಿ ಉಂಡು ಬಂದರು

ಬಿ.ಎ. ಓದುವಾಗಿನಿಂದ ಬರೆಯುತ್ತ ಬಂದ ನನ್ನ ಡೈರಿಯಲ್ಲಿ, ೧೯೭೪ರ ಆಗಸ್ಟ್ ೧೩, ಮಂಗಳವಾರದ ಪುಟದಲ್ಲಿ ಹೀಗಿದೆ: "ಇವರ ಜೊತೆ ಮಠಕ್ಕೆ ಹೋಗಿದ್ದೆ. ಅಜ್ಜಾರ ಮಾತು ಕೇಳಿ ಸಮಾಧಾನವಾಯಿತು."

ಅಜ್ಜಾರೆಂದರೆ ಹೊಸಗಟ್ಟಿ ಮಠದ ಪೂಜ್ಯ ಶ್ರೀ ಗುರುಪಾದ ಸ್ವಾಮಿಗಳು. ಅಂದು ಪೂಜ್ಯರು ದಾಸೋಹದ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು ಹೆಸರುಕಾಯಿ ಸುಲಿಯುತ್ತಿದ್ದರು. ಮಠದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಪತಿ ವೀರಭದ್ರಪ್ಪನವರು ಕೆಲಸ ಬಿಡುವ ನಿರ್ಧಾರ ಮಾಡಿಕೊಂಡೇ ಬಂದಿದ್ದರು.

ಒಂಬತ್ತನೆಯ ತರಗತಿಯಲ್ಲಿ ಯಾರು ಗಲಾಟೆ ಮಾಡಿದರೂ ಇವರು "ನಡಿ, ಅಜ್ಜಾರ ಮುಂದ ನಿಂದ್ರು" ಎಂದು ಕಳಿಸುತ್ತಿದ್ದರು. ಹೊಸ್ತಿಲು ದಾಟಿ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಮಠದಲ್ಲಿರಲಿಲ್ಲ. ಹುಡುಗರು ಗೋದಿ ಹುಗ್ಗಿ ಉಂಡು, ಬಾಯಿ ಒರೆಸಿಕೊಳ್ಳುತ್ತ ಮರಳುತ್ತಿದ್ದರು. ಅಂದಂತೂ ಯಲ್ಲಪ್ಪನೆಂಬವನು ಪಾಠದ ನಡುವೆ ಎದ್ದು, "ಸರ್, ನಾ ಇನ್ನೂ ಏನೂ ಮಾಡಿಲ್ರಿ. ಮಾಡಿದ್ರ ಈಗ ಕಳಸ್ತೀರೋ, ಹುಗ್ಗಿ ಆರಿದ ಮ್ಯಾಲೋ?" ಎಂದು ಕೇಳಿದ್ದ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು.

"ಅಜ್ಜಾರ, ನೀವು ಒಮ್ಮೆ ಗದರಿಸಿದ್ರ ಸಾಕಿತ್ತು. ಉಣಿಸಿ ಉಣಿಸಿ ನನ್ನ ಮರ್ಯಾದಿ ಕಳದ್ರಿ. ನಾ ಇನ್ನ ಇಲ್ಲಿ ಇರಾಂವಲ್ಲ" ಎಂದುಬಿಟ್ಟರು ಇವರು. ಆ ನೌಕರಿಯೇ ನಮ್ಮ ಮನೆಗೆ ಆಧಾರ.

ಪೂಜ್ಯರು ತಲೆಯೆತ್ತಿ ನೋಡಿದರು. "ನನ್ನ ಕಡೆ ಕಳಿಸಿದ್ರ ಅವರು ನನ್ನ ಅತಿಥಿಗಳ್ರಿ, ಮಾಸ್ತರ. ನಿಮ್ಮ ಕಡೆ ಇಟ್ಟುಕೊಂಡ್ರ ನಿಮ್ಮ ಹುಡುಗರು. ನಾ ಗದರಿಸಿದ್ರ ನನಗ ಹೆದರ್ತಾರ, ನಿಮಗೇನು ಬಂತು?"

ಪೂಜ್ಯರು ಸುಲಿದ ಕಾಳನ್ನು ಬದಿಗೆ ಸರಿಸಿದರು.

"ಏಳ್ರಿ, ಉಂಡು ಹೋಗ್ರಿ" ಎಂದರು ಪೂಜ್ಯರು.

ಇವರೂ ಹೊಸ್ತಿಲು ದಾಟಿ ಬಂದವರೇ ತಾನೆ! ಮುಖ ಬಿಗಿದುಕೊಂಡೇ ತಾಟಿನ ಮುಂದೆ ಕುಳಿತರು. ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವಾಗ ತಮ್ಮಷ್ಟಕ್ಕೆ ತಾವೇ ನಕ್ಕರು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಯಲ್ಲಪ್ಪ ಮತ್ತೆ ಕೂಗು ಹಾಕಿದನಂತೆ. ಇವರು ದನಿ ಏರಿಸದೆ, "ಎಲ್ಲಿಗೂ ಹೋಗಬ್ಯಾಡ. ನನ್ನ ಬಾಜೂಕ ಕೂಡು. ಸಂಜಿಗೆ ಈ ಲೆಕ್ಕ ಮುಗಿಸೇ ಇಬ್ಬರೂ ಮನಿಗೆ ಹೋಗೂಣು" ಎಂದರು.

"ಹುಗ್ಗಿ, ಸರ್?"

"ಅದು ಮಠದಾಗ. ಇಲ್ಲಿ ಲೆಕ್ಕ."

ಕತ್ತಲಾಗುವ ಹೊತ್ತಿಗೆ ಲೆಕ್ಕ ಸರಿಹೋಯಿತು. ಇಬ್ಬರೂ ಜೊತೆಯಾಗಿ ಶಾಲೆಯ ಬಾಗಿಲು ಹಾಕಿ ಹೊರಟರು. ಆಮೇಲೆ ಇವರು ಯಾರನ್ನೂ ಮಠಕ್ಕೆ ಕಳಿಸಲಿಲ್ಲ. ಗಲಾಟೆ ಮಾಡಿದವರು ಸಂಜೆ ಇವರ ಪಕ್ಕದಲ್ಲೇ ಕುಳಿತು ಕಲಿತರು.

ಪೂಜ್ಯರ ಆ ಮಾತಿಗೆ ನಾವು ತೆತ್ತದ್ದು ಇಷ್ಟೇ: ನಿವೃತ್ತಿಯವರೆಗೂ ಇವರಿಗೆ ನಮ್ಮೂರಿಗೆ ಬರುವ ಐದು ಗಂಟೆಯ ಬಸ್ಸು ಸಿಗಲಿಲ್ಲ. ಸಂಜೆಯ ಚಹಾವನ್ನು ನಾನು ಒಬ್ಬಳೇ ಕುಡಿದೆ. ಇವರದನ್ನು ಮತ್ತೆ ಬಿಸಿ ಮಾಡಿ ಕೊಟ್ಟೆ.