ನಾಲಗೆಯಿಲ್ಲದ ಗಂಟೆಯ ಕೆರೆಯಮ್ಮ

ಮನುಷ್ಯರ ಲೆಕ್ಕಕ್ಕೆ ಸಿಗದಷ್ಟು ಹಿಂದಿನ ಯುಗದಲ್ಲಿ, ಸೂರ್ಯಕಿರಣಗಳಿಗೂ ತಳ ತೋರದ ಅಗಾಧಜಲರಾಶಿಯಾದ ಈ ಕರಿಗೊಳದ ತೀರದಲ್ಲಿ, ಮೌನವ್ರತಧಾರಿಯಾದ ಶಂಖಪಾದಮುನಿಯು ಜಗನ್ಮಾತೆಯನ್ನು ಶಿಲಾರೂಪದಲ್ಲಿ ಪ್ರತಿಷ್ಠಾಪಿಸಿ, ನೀರಿನ ಮೇಲೆ ಯಾರೂ ಯಾರ ಹೆಸರನ್ನೂ ಕೂಗಬಾರದೆಂಬ ಕಟ್ಟಳೆಯನ್ನು ಮರಳಿನಲ್ಲಿ ಬರೆದು ತೋರಿಸಿ ಅಂತರ್ಧಾನನಾದನು. ಆಳದಲ್ಲಿರುವುದು ಕೂಗಿದವರ ದನಿಯನ್ನೂ ಕೂಗಿಸಿಕೊಂಡವರ ಹೆಸರನ್ನೂ ಕದಿಯುತ್ತದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಕೇಳಲೂ ಬೇಡಿ. ಆದ್ದರಿಂದ ಇಲ್ಲಿನ ಅಂಬಿಗರು ದಡದವರನ್ನು ಕರೆಯಬೇಕಾದಾಗ ಹುಟ್ಟುಗೋಲಿನಿಂದ ಹರಿಗೋಲಿನ ಅಂಚನ್ನು ಬಡಿಯುತ್ತಿದ್ದರು. ದಡದವರು ಬಂಡೆಯ ಮೇಲೆ ಕಲ್ಲು ಕುಟ್ಟಿ ಓಗೊಡುತ್ತಿದ್ದರು.

ಆ ಅಂಬಿಗರಲ್ಲಿ ದ್ಯಾವಪ್ಪನೆಂಬವನು, ಹೆಂಡತಿ ತೀರಿದ ಮೇಲೆ ಎಳೆಯ ಮಗಳು ಸಿರಿಯವ್ವನಲ್ಲೇ ಜೀವ ಇಟ್ಟುಕೊಂಡಿದ್ದನು. ಮಂಜು ಮುಸುಕಿದ ಒಂದು ಸಾಯಂಕಾಲ ಅವನು ನೀರಿನ ನಡುವಿನಿಂದ ಎಷ್ಟು ಬಡಿದರೂ, ದಡದಲ್ಲಿ ಕಾಯುತ್ತಿದ್ದ ಮಗಳ ಕಲ್ಲಿನ ಸದ್ದು ಬರಲಿಲ್ಲ. ಹೆತ್ತ ಕರುಳು ತಡೆಯದೆ ಅವಳ ಹೆಸರನ್ನು ಬಾಯಿತುಂಬ ಕೂಗಿಬಿಟ್ಟನು. ಮಗು ಬಂಡೆಗೊರಗಿ ನಿದ್ದೆಹೋಗಿತ್ತು, ಅಷ್ಟೇ.

ಮರುದಿನ ಮುಸ್ಸಂಜೆ ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಿರುವಾಗ, ದ್ಯಾವಪ್ಪನದೇ ದನಿ ಕೆರೆಯೊಳಗಿನಿಂದ "ಸಿರಿಯವ್ವಾ" ಎಂದಿತು.

"ಅಪ್ಪ ಕರಿಯಾಕತ್ಯಾನ" ಎಂದು ಮಗು ತುತ್ತು ಬಿಟ್ಟು ಎದ್ದಿತು.

"ನಾ ಇಲ್ಲೇ ಅದೀನಲ್ಲವ್ವಾ" ಎಂದು ಅವನು ಕೈಹಿಡಿದನು.

ಮಗು ಅವನ ಮುಖವನ್ನು ದಿಟ್ಟಿಸಿತು. "ನೀ ಯಾರು? ನಮ್ಮಪ್ಪ ನೀರಾಗ ಅದಾನ."

ಅಂದಿನಿಂದ ಪ್ರತಿ ಮುಸ್ಸಂಜೆಯೂ ಆ ದನಿ ಕರೆಯಿತು. ಕಂಬಕ್ಕೆ ಕಟ್ಟಿದರೆ ಮಗು ಹಗ್ಗವನ್ನು ಕಚ್ಚಿ ಬಾಯಿ ರಕ್ತ ಮಾಡಿಕೊಂಡಿತು. ಭಯದಿಂದ ಅರೆಜೀವವಾದ ದ್ಯಾವಪ್ಪನು ದೇವಿಯ ಮುಂದೆ ಬಿದ್ದು ಹೊರಳಿದಾಗ, ಶಿಲೆಯೊಳಗಿನಿಂದ ಅಶರೀರವಾಣಿಯಾಯಿತು: "ಒಂದೇ ದನಿಗೆ ಇಬ್ಬರು ಒಡೆಯರಿದ್ದರೆ ಮಗು ಯಾರ ಹಿಂದೆ ಹೋದೀತು? ನಿನ್ನ ಪಾಲಿನ ದನಿಯನ್ನು ನನಗೆ ಕೊಡು. ಮಗಳಿಗೆ ಗುರುತಾಗಲು ನಿನ್ನಲ್ಲಿ ಬೇರೇನಾದರೂ ಉಳಿದಿದ್ದರೆ, ಅದೇ ನಿನ್ನನ್ನು ಕಾಯಲಿ."

ಅವನು ತಲೆಯಾಡಿಸಿದನು. ಅವನ ದನಿ ಅಲ್ಲೇ ಅಡಗಿಹೋಯಿತು.

ಅದೇ ಹೊತ್ತಿಗೆ ಕೆರೆ ಕರೆಯಿತು. ಹಗ್ಗ ಹರಿದುಕೊಂಡ ಮಗು ಎದೆಮಟ್ಟದ ನೀರಿಗೆ ಇಳಿದಿತ್ತು. ಕೂಗಲು ಬಾಯಿ ತೆರೆದ ತಂದೆಗೆ ಬರಿಯ ಉಸಿರು ಬಂತು. ದಿಕ್ಕುಗೆಟ್ಟವನ ಕೈಗೆ ಹುಟ್ಟುಗೋಲು ಸಿಕ್ಕಿತು; ಮಗುಚಿಟ್ಟ ಹರಿಗೋಲನ್ನು ಹುಚ್ಚನಂತೆ ಬಡಿದನು. ಗಲ್ಲದವರೆಗೆ ಮುಳುಗಿದ್ದ ಮಗು ನಿಂತಿತು. ಕೆರೆ ಇನ್ನೊಮ್ಮೆ, ಬಹಳ ಅಕ್ಕರೆಯಿಂದ, ಕರೆಯಿತು. ಮಗು ಆ ಕಡೆ ನೋಡಿತು, ಈ ಕಡೆ ಕೇಳಿತು, ಕೊನೆಗೆ ಅಳುತ್ತ ಬಡಿತದ ಕಡೆಗೆ ತಿರುಗಿತು.

ದ್ಯಾವಪ್ಪನಿಗೆ ಬದುಕಿರುವವರೆಗೂ ಮಗಳ ಹೆಸರು ಹೇಳಲಾಗಲಿಲ್ಲ. ಅವನ ನೆನಪಿಗೆ ಈ ಗುಡಿಯ ಗಂಟೆಗೆ ನಾಲಗೆಯಿಲ್ಲ. ಮಂಗಳಾರತಿಗೆ ಅಂಬಿಗರು ಹರಿಗೋಲನ್ನೇ ಬಡಿಯುತ್ತಾರೆ. ಕಲ್ಲು ಕುಟ್ಟಿ ಕುಳಿಬಿದ್ದ ಬಂಡೆ ಮೆಟ್ಟಿಲ ಬಲಕ್ಕಿದೆ. ನಗುವವರು ನಗಲಿ, ಹಗಲಿದ್ದಾಗಲೇ ನಕ್ಕು ಹೋಗಲಿ. ಮಂಜು ಇಳಿದ ಮುಸ್ಸಂಜೆ ಆ ತಂದೆಯ ದನಿ ಇಂದಿಗೂ ನೀರಿನಿಂದ ಕರೆಯುತ್ತದೆ, ಮತ್ತು ಈಚೆಗೆ ಅದು ಸಿರಿಯವ್ವನ ಹೆಸರನ್ನಷ್ಟೇ ಅಲ್ಲ, ಬೇರೆ ಹೆಸರುಗಳನ್ನೂ ಕೂಗುತ್ತಿದೆ. ಮಕ್ಕಳನ್ನು ಕರೆತಂದವರು ದಯವಿಟ್ಟು ಅವರ ಕೈ ಹಿಡಿದುಕೊಂಡೇ ಇರಿ, ಕೂಗಿ ಕರೆಯಬೇಡಿ.